ಹಳೇ ಪೇಟೆಗೆ ನಾನು ಜೀವ ತುಂಬಿದ ಭಾನುವಾರ

ಚಳ್ಳಕೆರೆಯ ಹಳೇ ಪೇಟೆ ಬೀದಿಗೆ ಮತ್ತೆ ಜೀವ ತುಂಬುವ ಮಹತ್ಕಾರ್ಯವನ್ನು ಯಾರೂ ನನಗೆ ವಹಿಸಿರಲಿಲ್ಲ. ನಾನೇ ವಹಿಸಿಕೊಂಡೆ. ಊರಿಗೆ ಒಳ್ಳೆಯದಾಗಲಿ ಎನ್ನುವವನು ಯಾರಾದರೂ ಬಂದು ಹೇಳಲಿ ಎಂದು ಕಾಯುತ್ತಾ ಕೂರುವುದಿಲ್ಲ. ಅಲ್ಲದೆ ನನಗೆ ಒಂದು ಕಡೆ ಕೂರುವ ಅಭ್ಯಾಸವೇ ಇಲ್ಲ.

ಆ ಬೀದಿಯಲ್ಲಿ ನನ್ನದೊಂದು ಚಪ್ಪಲಿ ಅಂಗಡಿ ಇದೆ. ಒಂದು ಕಾಲಕ್ಕೆ ಅಲ್ಲಿ ಸಂಜೆ ಹೊತ್ತು ಇನ್ನೊಬ್ಬರ ಕಾಲು ತುಳಿಯದೆ ನಡೆಯುವುದೇ ಕಷ್ಟವಿತ್ತು. ಈಗ ಊರು ಬೆಳೆದಿದೆ. ಕುದಾಪುರದ ಕಡೆ ವಿಜ್ಞಾನದ ದೊಡ್ಡ ದೊಡ್ಡ ಸಂಸ್ಥೆಗಳು ಬಂದಿವೆ, ಬಸ್ ಸ್ಟ್ಯಾಂಡ್ ಕಡೆ ಗಾಜಿನ ಕಾಂಪ್ಲೆಕ್ಸುಗಳು ಎದ್ದಿವೆ. ಹೀಗೆ ಎಲ್ಲ ದಿಕ್ಕಿಗೂ ಬೆಳೆದ ಊರು ನಮ್ಮ ಬೀದಿಯೊಂದನ್ನು ಬಿಟ್ಟು ಬೆಳೆದಿದೆ! ಬೈಕು, ಲಗೇಜ್ ಆಟೊಗಳಿಗೆ ನಮ್ಮದು ಬರೀ ಅಡ್ಡದಾರಿ. ಹಾರನ್ ಹೊಡೆಯುತ್ತಾ ನುಗ್ಗುತ್ತವೆ, ಧೂಳೆಬ್ಬಿಸುತ್ತವೆ, ಹೋಗುತ್ತವೆ. ನಿಲ್ಲುವುದು ಮಾತ್ರ ಇಲ್ಲ.

ನನ್ನ ಹೆಂಡತಿ ಗಂಗಮ್ಮನ ಬಳಿ ಇದಕ್ಕೆ ಸುಲಭದ ಪರಿಹಾರವಿತ್ತು. ಅವಳ ತಮ್ಮ ತಿಪ್ಪೇಶ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕಾಂಪ್ಲೆಕ್ಸ್ ಕಟ್ಟಿಸಿದ್ದ. ರಸ್ತೆಗೆ ಮುಖವಿದ್ದ ಮಳಿಗೆಯೊಂದನ್ನು ಅಕ್ಕನಿಗೆಂದೇ ಉಳಿಸಿಟ್ಟಿದ್ದ. ಅರ್ಧ ಜಾಗದಲ್ಲಿ ಚಪ್ಪಲಿ, ಇನ್ನರ್ಧದಲ್ಲಿ ತನ್ನ ಹೊಲಿಗೆ ಮಿಷನ್ ಎಂದು ಗಂಗಮ್ಮ ತೀರ್ಮಾನಿಸಿ, ಮಿಷನ್ನಿಗೆ ಬೆಳಕು ಎಲ್ಲಿ ಚೆನ್ನಾಗಿ ಬೀಳುತ್ತದೆ ಎಂದೂ ನೋಡಿ ಬಂದಿದ್ದಳು. ತವರಾದ ಮೊಳಕಾಲ್ಮೂರಿನಲ್ಲಿ ಎಲ್ಲರಿಗೂ ಹೇಳಿಯೂ ಆಗಿತ್ತು. ಆದರೆ ಅದೇ ಮಳಿಗೆಗೆ ಒಬ್ಬ ಮೊಬೈಲ್ ಅಂಗಡಿಯವನು ಗಂಟುಬಿದ್ದಿದ್ದ.

"ಭಾವ, ಭಾನುವಾರ ಸಂಜೆ ತಂಕ ಟೈಮು. ನೀವು ಬರ್ತೀನಿ ಅಂದ್ರೆ ನಿಮ್ದು. ಇಲ್ಲಾಂದ್ರೆ ಅವ್ನಿಗೆ ಕೊಟ್ಟುಬಿಡ್ತೀನಿ," ಎಂದ ತಿಪ್ಪೇಶ.

ಅಷ್ಟು ಹೇಳಿ ಸುಮ್ಮನಾಗಿದ್ದರೆ ನಾನು ಅಲ್ಲೇ ಹೂಂ ಎಂದುಬಿಡುತ್ತಿದ್ದೆ. ಆದರೆ ಅವನು ನಕ್ಕ. "ಆ ಬೀದಿನಾಗೆ ಇನ್ನೇನೈತೆ ಭಾವ? ನಿಮ್ಮಂಗ್ಡೀಗೆ ಬರೋ ನೊಣನೂ ದಾರಿ ತಪ್ಪಿ ಬಂದಿರ್ತೈತೆ!"

ಮನುಷ್ಯ ಏನನ್ನಾದರೂ ತಡೆದುಕೊಳ್ಳಬಹುದು, ಹೆಂಡತಿಯ ತಮ್ಮನ ನಗೆಯನ್ನು ತಡೆದುಕೊಳ್ಳಲಾಗದು. ಅಂದಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಗಿರಾಕಿ ಇಲ್ಲದ ಅಂಗಡಿಯಲ್ಲಿ ಫೋನ್ ಉಜ್ಜುತ್ತಿದ್ದಾಗ ಒಂದು ವಿಡಿಯೊ ಸಿಕ್ಕಿತು. ಅಮೆರಿಕದ ಯಾವುದೋ ಊರು. ತೀರಾ ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ. ಅಲ್ಲೂ ಹೆದ್ದಾರಿಯ ಪಕ್ಕ ದೊಡ್ಡ ಅಂಗಡಿಗಳು ಎದ್ದು, ನಡುಊರಿನ ಪೇಟೆ ಬಿಕೋ ಎನ್ನುತ್ತಿತ್ತಂತೆ. ಆಮೇಲೆ ಆ ಜನ ಪೇಟೆ ಬೀದಿಗೆ ವಾಹನ ಬಿಡುವುದನ್ನು ನಿಲ್ಲಿಸಿ ಕುರ್ಚಿ ಹಾಕಿದರಂತೆ, ಹೂಕುಂಡ ಇಟ್ಟರಂತೆ. ಅಷ್ಟೇ! ಜನವೋ ಜನ. ಕೈಯಲ್ಲಿ ಕಾಫಿ ಹಿಡಿದು ಎಲ್ಲರೂ ನಡೆಯುತ್ತಿದ್ದರು. ಒಂದು ನಾಯಿ ಕೂಡ ಬಹಳ ಸಂತೋಷವಾಗಿತ್ತು.

ನಾನು ಎದ್ದು ನಿಂತೆ. ವಾಹನ ನಿಂತರೆ ಜನ ನಡೆಯುತ್ತಾರೆ. ನಡೆದರೆ ಚಪ್ಪಲಿ ಸವೆಯುತ್ತದೆ. ಸವೆದರೆ ಎದುರಿಗೇ ನನ್ನ ಅಂಗಡಿ! ಅಮೆರಿಕದವರಿಗೂ ಇಷ್ಟು ದೂರ ಯೋಚನೆ ಹೋಗಿರಲಿಕ್ಕಿಲ್ಲ.

ಕೂಡಲೇ 'ಹಳೇ ಪೇಟೆ ಪುನಶ್ಚೇತನ ಸಮಿತಿ' ಅಸ್ತಿತ್ವಕ್ಕೆ ಬಂತು. ಅಧ್ಯಕ್ಷ ನಾನು. ಸದಸ್ಯರು ಪಕ್ಕದ ಬಳೆ ಅಂಗಡಿಯ ರಹಮತ್ ಸಾಬರು. ಸದರಿ ಸದಸ್ಯರು ಮೊದಲ ಸಭೆಯಲ್ಲೇ ತಕರಾರು ತೆಗೆದರು.

"ಅರೆ ಓಬಣ್ಣ, ಗಾಡಿ ಬಿಡ್ಲಿಲ್ಲಾಂದ್ರೆ ಗಿರಾಕಿ ಹೆಂಗೆ ಬರ್ತಾರೆ?"

"ನಡ್ಕಂಡು ಬರ್ತಾರೆ."

"ನಡ್ಕಂಡು? ಚಳ್ಳಕೆರೆ ಬಿಸಿಲಾಗೆ? ಯಾರು ಬರ್ತಾರೆ ಹೇಳು, ಒಬ್ಬನ ಹೆಸರು ಹೇಳು!"

"ಕುದಾಪುರದ ವಿಜ್ಞಾನಿಗಳು ಬರ್ತಾರೆ ಸಾಬ್ರೇ. ಅವ್ರಿಗೆ ವಾಕಿಂಗ್ ಅಂದ್ರೆ ಪ್ರಾಣ."

ಸಾಬರು ನನ್ನ ಮುಖ ನೋಡಿದರು. "ಒಂದು ಭಾನುವಾರ ತಾನೇ? ಮಾಡು. ನೀನು ಹಿಂಗೆ ನನ್ನಂಗ್ಡಿಗೂ ನಿನ್ನಂಗ್ಡಿಗೂ ಓಡಾಡೋದು ನಿಂತ್ರೆ ಸಾಕು," ಎಂದರು. ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು.

ಬೀದಿಯ ಉಳಿದ ಅಂಗಡಿಯವರೂ ಒಪ್ಪಿದರು. ಭಾನುವಾರ ಅವರ ಅಂಗಡಿಗಳು ಹೇಗೂ ಮುಚ್ಚಿರುತ್ತಿದ್ದವು. ನಗರಸಭೆ, ಪೊಲೀಸರಿಂದ ಬಾಯಿಮಾತಿನ ಒಪ್ಪಿಗೆಯೂ ಸಿಕ್ಕಿತು. ಭಾನುವಾರ ಬೆಳಿಗ್ಗೆ ಬೀದಿಯ ಎರಡೂ ತುದಿಗೆ ಡ್ರಮ್ ನಿಲ್ಲಿಸಿ ಬೊಂಬು ಕಟ್ಟಿದೆ. 'ವಾಹನಗಳಿಗೆ ಪ್ರವೇಶವಿಲ್ಲ, ನಡೆಯಿರಿ, ಆನಂದಿಸಿ' ಎಂದು ಬೋರ್ಡ್ ತೂಗುಹಾಕಿದೆ. ಶಾಮಿಯಾನದವರಿಂದ ಕುರ್ಚಿ ತಂದು ಹಾಕಿದೆ. ಬೀದಿಯನ್ನು ಈ ತುದಿಯಿಂದ ಆ ತುದಿಯವರೆಗೆ ನಾನೇ ಕಸಬರಿಗೆ ಹಿಡಿದು ಗುಡಿಸಿದೆ. ಒಂದು ಕಡ್ಡಿ ಇಲ್ಲ, ಒಂದು ಕಲ್ಲು ಇಲ್ಲ. ಕಾಂಕ್ರೀಟ್ ರಸ್ತೆ ಬಿಸಿಲಿಗೆ ಪಳಪಳ ಹೊಳೆಯುತ್ತಿತ್ತು. ನನ್ನ ಬೀದಿಯನ್ನು ನೋಡಿ ನನಗೇ ಕಣ್ಣು ತುಂಬಿ ಬಂತು.

ಆಮೇಲೆ ಕಾದೆ. ಯಾರೂ ಬರಲಿಲ್ಲ.

ಈ ತುದಿಗೆ ಹೋದೆ, ಆ ತುದಿಗೆ ಹೋದೆ. ಒಂದೊಂದು ಕುರ್ಚಿಯಲ್ಲೂ ಒಂದೊಂದು ಸಲ ಕೂತು ಎದ್ದೆ. ಒಬ್ಬ ಬೈಕಿನವನು ಬೊಂಬಿನ ತನಕ ಬಂದು, ಬೋರ್ಡ್ ಓದಿ, "ಯಾರು ಸತ್ತಾರಣ್ಣ?" ಎಂದು ಕೇಳಿ ಹಿಂದಿರುಗಿದ. ರಹಮತ್ ಸಾಬರು ಅಂಗಡಿಯೊಳಗೆ ಗೊರಕೆ ಹೊಡೆಯುತ್ತಿದ್ದರು. ಸಂಜೆಗೆ ತಿಪ್ಪೇಶ ಬರುತ್ತಾನೆ ಎಂದು ನೆನಪಾದಾಗಲೆಲ್ಲ ಕಸಬರಿಗೆ ಹಿಡಿದು ಗುಡಿಸಿದ್ದನ್ನೇ ಮತ್ತೆ ಗುಡಿಸಿದೆ.

ಆಗ ಬಂದಳು ಪಾಲಕ್ಕ. ಪಕ್ಕದ ನನ್ನಿವಾಳ ಹಳ್ಳಿಯ ಮುದುಕಿ. ಶೇಂಗಾ ಕಿತ್ತು ಮುಗಿದ ಕಾಲ, ಹಿಂದಿನ ವಾರ ಬಿದ್ದ ಮಳೆಗೆ ಕಾಯಿ ಇನ್ನೂ ಹಸಿ. ಸೋಮವಾರ ಮಾರುಕಟ್ಟೆಯ ಹರಾಜಿಗೆ ಇಡಬೇಕಾದರೆ ಅಷ್ಟರೊಳಗೆ ಒಣಗಬೇಕು. ಬೊಂಬಿನ ಆಚೆ ಲಗೇಜ್ ಆಟೊ ನಿಲ್ಲಿಸಿಕೊಂಡು, ಸೊಂಟದ ಮೇಲೆ ಕೈ ಇಟ್ಟು, ನನ್ನ ಬೀದಿಯನ್ನು ಉದ್ದಕ್ಕೂ ನೋಡಿದಳು.

"ಯಾವ ಪುಣ್ಯಾತ್ಮನಪ್ಪಾ ಇಷ್ಟು ಚೆಂದಾಗಿ ಕಣ ಮಾಡಿಟ್ಟಿರೋದು!"

"ಅವ್ವ, ಇದು ಕಣ ಅಲ್ಲ. ಇದು ಜನ ನಡಿಯೋಕೆ ಮಾಡಿರೋದು."

"ಎಲ್ಲೈತೆ ಜನ?"

ನಾನೂ ಒಮ್ಮೆ ಬೀದಿಯನ್ನು ಉದ್ದಕ್ಕೂ ನೋಡಿದೆ. ಒಂದು ಮೂಲೆಯಲ್ಲಿ ಹರಡಿಕೊಳ್ಳಲಿ, ಬೀದಿಗೂ ಸ್ವಲ್ಪ ಕಳೆ ಬರುತ್ತದೆ ಎಂದು ಉದಾರವಾಗಿ ಅಪ್ಪಣೆ ಕೊಟ್ಟೆ. ಪಾಲಕ್ಕ ಮೂಟೆ ಬಿಚ್ಚಿ ಸುರಿದಳು. ಆಮೇಲೆ ಸೆರಗಿನಿಂದ ಫೋನ್ ತೆಗೆದಳು. "ಏ ಬಾರೇ, ಪ್ಯಾಟೆ ಬೀದಿನಾಗೆ ಒಂದು ಗಾಡಿ ಇಲ್ಲ, ಒಂದು ಕಲ್ಲಿಲ್ಲ! ಯಾರೋ ಒಬ್ಬ ಗುಡಿಸಿಟ್ಟು ಕಾಯ್ತಾ ಕುಂತಾನೆ!"

ಮುಂದಿನದನ್ನು ನಾನು ನೋಡುತ್ತಾ ನಿಂತೆ ಅಷ್ಟೇ. ಟ್ರ್ಯಾಕ್ಟರ್ ಬಂತು, ಆಟೊ ಬಂತು, ತಲೆಯ ಮೇಲೆ ಮೂಟೆ ಹೊತ್ತವರು ಬಂದರು. ಬೊಂಬಿನ ಕೆಳಗೆ ಬಗ್ಗಿ ಬಗ್ಗಿ ನುಗ್ಗಿದರು. ನೋಡನೋಡುತ್ತಿದ್ದಂತೆ ಹಳೇ ಪೇಟೆ ಬೀದಿ ಈ ಗೋಡೆಯಿಂದ ಆ ಗೋಡೆಗೆ ಶೇಂಗಾಮಯವಾಯಿತು. ನನ್ನ ಕುರ್ಚಿಗಳ ಮೇಲೆ ಖಾಲಿ ಗೋಣಿಚೀಲಗಳು ಆಸೀನವಾದವು. ಅಮೆರಿಕದ ಆ ಊರಿನಲ್ಲಿ ಶೇಂಗಾ ಬೆಳೆಯುವುದಿಲ್ಲ ಎನ್ನುವುದನ್ನು ವಿಡಿಯೊದವರು ಮೊದಲೇ ಹೇಳಬೇಕಿತ್ತು!

ಇದಾದರೂ ಪರವಾಗಿಲ್ಲ. ಶೇಂಗಾ ಒಣಗಬೇಕಾದರೆ ಆಗಾಗ ಅದರಲ್ಲಿ ಕಾಲಾಡಿಸುತ್ತಾ ನಡೆದು ಮಗುಚಬೇಕು. ಅದಕ್ಕೆ ಚಪ್ಪಲಿ ಬಿಡಬೇಕು. ಎಲ್ಲಿ ಬಿಡುವುದು? ಹೇಗೂ ಚಪ್ಪಲಿ ಅಂಗಡಿಯೊಂದು ಬಾಗಿಲು ತೆರೆದುಕೊಂಡಿದೆಯಲ್ಲ!

"ಒಂದೀಟು ನೋಡ್ಕಳಪ್ಪ," ಎಂದು ಪಾಲಕ್ಕ ತನ್ನವನ್ನು ನನ್ನ ಮೆಟ್ಟಿಲ ಮೇಲೆ ಬಿಟ್ಟಳು. ಅವಳ ಹಿಂದೆ ಇಡೀ ನನ್ನಿವಾಳವೇ ಬಿಟ್ಟಿತು.

"ಅವ್ವ, ನಿನ್ನ ಚಪ್ಪಲಿ ಹಿಮ್ಮಡಿ ಹೋಗೈತೆ. ಹೊಸಾವು ತೋರಿಸ್ಲಾ?" ಎಂದು ನಾನು ವ್ಯಾಪಾರಕ್ಕಿಳಿದೆ.

"ಇರೋವನ್ನೇ ಈಗ ಬಿಟ್ಟು ಬಂದೀನಿ. ಇನ್ನೊಂದು ಜೊತೆ ತಗಂಡು ಎಲ್ಲಿ ಬಿಡ್ಲಿ?"

ಜನ ನಡೆಯಲಿ ಎಂದು ಆಸೆಪಟ್ಟಿದ್ದೆ. ನಡೆಯುತ್ತಿದ್ದರು, ಸುಳ್ಳು ಹೇಳಬಾರದು. ಊರಿನಲ್ಲೇ ಅತಿ ಹೆಚ್ಚು ಜನ ನಡೆದಾಡಿದ ಬೀದಿ ಅಂದು ನಮ್ಮದೇ. ಆದರೆ ಎಲ್ಲರೂ ಬರಿಗಾಲಲ್ಲಿ! ಕೊನೆಗೆ ನನ್ನ ಕನಸಿನ ವಿಜ್ಞಾನಿಯಂತೆ ಕಾಣುವ ಒಬ್ಬರು ಚಡ್ಡಿ, ಶೂ ಹಾಕಿಕೊಂಡು ಬಂದರು. ನಾನು ಓಡಿ ಹೋಗಿ ಸ್ವಾಗತಿಸಿದೆ. ಅವರು ಸಂಭ್ರಮದಿಂದ ಶೂ ಬಿಚ್ಚಿ ನನ್ನ ಕೈಗೆ ಕೊಟ್ಟು ಶೇಂಗಾದೊಳಗೆ ಇಳಿದರು.

ಬಿಸಿಲಿಗೆ ಸುಸ್ತಾದ ಹೆಂಗಸರು ನನ್ನ ಅಂಗಡಿಯೊಳಗೆ ಬಂದು, ಗಿರಾಕಿಗಳ ಬೆಂಚಿನ ಮೇಲೆ ಸಾಲಾಗಿ ಕೂತು, ಚಪ್ಪಲಿ ಡಬ್ಬಿಗಳ ಮುಚ್ಚಳದಿಂದ ಗಾಳಿ ಹಾಕಿಕೊಳ್ಳತೊಡಗಿದರು. ಅಷ್ಟರಲ್ಲಿ ಬೀದಿಯ ಆ ತುದಿಯಿಂದ "ಕುರಿ! ಕುರಿ!" ಎಂದು ಕೂಗು ಕೇಳಿತು. ಶೇಂಗಾ ವಾಸನೆಗೆ ಒಂದು ಮಂದೆಯೇ ಬೊಂಬಿನ ಕೆಳಗೆ ತಲೆ ತೂರಿಸುತ್ತಿತ್ತು. ನಮ್ಮ ನಿಷೇಧ ವಾಹನಗಳಿಗೆ ಮಾತ್ರ ಅನ್ವಯಿಸುತ್ತಿತ್ತು, ಕುರಿಗಳ ಪ್ರಸ್ತಾಪ ಅದರಲ್ಲಿರಲಿಲ್ಲ.

"ನಿಂತ್ಕಂಡು ನೋಡ್ತೀಯಲ್ಲೋ, ಹೋಗಿ ಹೊಡಿಯೋ!" ಎಂದು ಪಾಲಕ್ಕ ನನ್ನ ಕೈಗೆ ಕೋಲು ತುರುಕಿದಳು. ಪುನಶ್ಚೇತನ ಸಮಿತಿಯ ಅಧ್ಯಕ್ಷರು ಚಪ್ಪಲಿ ಬಿಟ್ಟು, ಗೋಡೆ ಹಿಡಿದು, ಶೇಂಗಾ ಒಡೆಯದಂತೆ ಮೆಲ್ಲಗೆ ಕಾಲಿಡುತ್ತಾ ಹೋಗಿ ಆ ತುದಿಯಲ್ಲಿ ಕುರಿ ಕಾಯುತ್ತಾ ನಿಂತರು.

ಅದೇ ಹೊತ್ತಿಗೆ ಈ ತುದಿಗೆ, ಅಂಗಡಿಯ ಕಡೆಗೆ, ತಿಪ್ಪೇಶನ ಬೈಕು ಬಂತು. ಹಿಂದೆ ಕೂತಿದ್ದ ಗಂಗಮ್ಮ ಇಳಿದು ಹೆಂಗಸರ ನಡುವೆ ತೂರಿಕೊಂಡು ಅಂಗಡಿಯೊಳಗೆ ಹೋದಳು. ನನ್ನ ಫೋನ್ ಹೊಡೆದುಕೊಂಡಿತು.

"ಭಾವ! ಏನ್ ಭಾವ ಇದು! ಅಂಗಡಿ ಮುಂದೆ ಕಾಲಿಡೋಕೆ ಜಾಗ ಇಲ್ಲ, ಅಷ್ಟೊಂದು ಜನ ಚಪ್ಪಲಿ ಬಿಟ್ಟು ಒಳಗೆ ಹೋಗ್ಯಾರೆ! ಡಬ್ಬಿ ಎಲ್ಲಾ ಬಿಚ್ಚಿ ಬಿದ್ದಾವೆ, ಬೆಂಚ್ ತುಂಬಾ ಹೆಂಗಸ್ರು! ಸುಗ್ಗಿ ಜನ ಪೂರಾ ನಿಮ್ಮಂಗ್ಡಿಗೇ ಬಂದೈತಲ್ಲ ಭಾವ!"

ದೂರದಿಂದ ಅವನು ಕೈ ಬೀಸುವುದು ಕಾಣುತ್ತಿತ್ತು. ನಿಜ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಮತ್ತೆ ಹೇಳಿದ. "ನಾನು ಅವತ್ತು ನಕ್ಕಿದ್ದೆ. ತಪ್ಪಾತು ಭಾವ. ನೀವು ಗಟ್ಟಿ ಮನುಷ್ಯ ಕಣ್ರಿ."

ಮದುವೆಯಾದಾಗಿನಿಂದ ಈ ಮನುಷ್ಯ ನನ್ನನ್ನು ಗಟ್ಟಿ ಎಂದಿರಲಿಲ್ಲ. ಆ ಮಾತು ಕಿವಿಗೆ ಎಷ್ಟು ಹಿತವಾಯಿತೆಂದರೆ, ಕೋಲನ್ನು ಬೆನ್ನ ಹಿಂದೆ ಮರೆಮಾಡಿ, ಇನ್ನೊಂದು ಕೈ ಎತ್ತಿ ಗಂಭೀರವಾಗಿ ಬೀಸಿದೆ.

"ಏನೋ ಕಣಪ್ಪ, ದೇವ್ರ ದಯೆ," ಎಂದೆ.

"ಹಂಗಾದ್ರೆ ನಿಮಗೆ ನನ್ನ ಮಳಿಗೆ ಯಾಕೆ ಬೇಕು? ಆ ಮೊಬೈಲ್ ಅಂಗಡಿಯವ್ನು ಬೆಳಿಗ್ಗೆಯಿಂದ ತಲೆ ತಿಂತಾ ಅವ್ನೆ. ಹೂಂ ಅಂದುಬಿಡ್ತೀನಿ," ಎಂದವನೇ ಫೋನ್ ಇಟ್ಟ.

ಕೂಡಲೇ ವಾಪಸ್ ಫೋನ್ ಮಾಡಿದೆ. ಬಿಜಿ! ಮತ್ತೆ ಮಾಡಿದೆ. ಬಿಜಿ! ಕೋಲು ಬಿಸಾಡಿ ಓಡಲು ಹೊರಟೆ. ಎರಡು ಹೆಜ್ಜೆ ಇಟ್ಟಿರಲಿಲ್ಲ, ಅಲ್ಲೇ ಶೇಂಗಾ ಮಗುಚುತ್ತಿದ್ದ ಪಾಲಕ್ಕ ಎರಡೂ ಕೈ ಚಾಚಿ ಅಡ್ಡ ನಿಂತಳು.

"ಏ, ತುಳಿಬ್ಯಾಡ! ಕಣ್ಣು ಕಾಣಲ್ವಾ? ಅನ್ನ ಕಣೋ ಅದು!"

"ಅವ್ವ, ನನ್ನ ಅಂಗಡಿ ಹೋಗ್ತೈತೆ!"

"ಅಂಗಡಿ ಎಲ್ಲಿಗೆ ಹೋಗ್ತೈತೆ? ಅಲ್ಲೇ ಐತೆ ನೋಡು!"

ಊರ ಜನ ನಡೆಯಲೆಂದು ನಾನೇ ಬಂದ್ ಮಾಡಿಸಿದ ಬೀದಿಯಲ್ಲಿ ನಾನೊಬ್ಬ ನಡೆಯುವ ಹಾಗಿರಲಿಲ್ಲ! ಹಿಂದಿನ ಸಂದಿಯಲ್ಲಿ, ಬರಿಗಾಲಲ್ಲಿ, ಚರಂಡಿ ಹಾರಿ, ಮುಳ್ಳು ಚುಚ್ಚಿಸಿಕೊಂಡು ಅಂಗಡಿ ತಲುಪುವಷ್ಟರಲ್ಲಿ ತಿಪ್ಪೇಶ ಹೊರಟುಹೋಗಿದ್ದ. ಮೊಬೈಲ್ ಅಂಗಡಿಯವನಿಗೆ ಮಾತು ಕೊಟ್ಟಾಗಿತ್ತು. ಕೀ ಕೊಡಲೆಂದೇ ಹೋಗಿದ್ದನಂತೆ.

ಗಂಗಮ್ಮ ಮೆಟ್ಟಿಲ ಮೇಲೆ ನಿಂತು ಚಪ್ಪಲಿ ರಾಶಿ ನೋಡುತ್ತಿದ್ದಳು.

"ಇವೆಲ್ಲಾ ಹಳೇವು," ಎಂದಳು.

"ಹೂಂ."

"ಒಂದು ಜೊತೆನಾರ ಮಾರಿದ್ರಾ?"

ನಾನು ಕಾಲಿನ ಮುಳ್ಳು ನೋಡಿಕೊಂಡೆ.

"ಮತ್ತೆ ಅವ್ನು ಕೇಳ್ದಾಗ ಏನಂದ್ರಿ?"

"ದೇವ್ರ ದಯೆ ಅಂದೆ."

ಸಿಟ್ಟು ಬಂದಾಗ ಅವಳಿಗೆ ತವರಿನ ತೆಲುಗು ಬರುತ್ತದೆ. ಬಯ್ಯಲಿ ಎಂದು ಕಾದೆ. "ಚಾಲು," ಎಂದಳು, ಅಂದರೆ ಸಾಕು. ಅಷ್ಟೇ. ಬಯ್ದಿದ್ದರೆ ಚೆನ್ನಾಗಿತ್ತು. ಆ ಮಳಿಗೆಯಲ್ಲಿ ಮಿಷನ್ ಇಟ್ಟು ಬೆಳಕಿಗೆ ಮುಖಮಾಡಿ ಕೂರುವ ಆಸೆ ಅವಳಿಗೆ ಎಷ್ಟಿತ್ತೆಂದು ನನಗೆ ಗೊತ್ತಿತ್ತು. ಅದನ್ನು ನಾನು ಒಂದು ಹೊಗಳಿಕೆಗೆ ಕೊಟ್ಟುಬಿಟ್ಟಿದ್ದೆ. ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ.

ಹೊತ್ತು ಮುಳುಗುವಾಗ ಎಲ್ಲರೂ ಶೇಂಗಾ ತುಂಬಿಕೊಂಡರು. "ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣಪ್ಪ. ಮುಂದಿನ ವಾರನೂ ಗುಡಿಸಿಡು," ಎಂದು ಪಾಲಕ್ಕ ಹರಸಿದಳು. ಕತ್ತಲಾಗುವ ಅವಸರದಲ್ಲಿ ಸಿಕ್ಕಿದವರಿಗೆ ಸಿಕ್ಕಿದ ಚಪ್ಪಲಿ. ಕೊನೆಗೆ ಮೆಟ್ಟಿಲ ಮೇಲೆ ಉಳಿದದ್ದು ಎರಡು, ಎರಡೂ ಎಡಗಾಲಿನವು. ನನ್ನವು ಇರಲಿಲ್ಲ! ಅಂಗಡಿಯೊಳಗೆಲ್ಲ ಹುಡುಕಿದೆ. ಹೆಂಗಸರ ಚಪ್ಪಲಿ ಇದ್ದವು, ಮಕ್ಕಳವು ಇದ್ದವು. ನನ್ನ ಅಳತೆಯದು ಒಂದು ಜೊತೆಯೂ ಇರಲಿಲ್ಲ.

ಬಾಗಿಲು ಹಾಕಿ ಇಬ್ಬರೂ ಮನೆಗೆ ಹೊರಟೆವು. ಅವಳು ಮುಂದೆ, ಕುಂಟುತ್ತಾ ನಾನು ಹಿಂದೆ. ನಮ್ಮ ಓಣಿಯ ಕಟ್ಟೆಯ ಮೇಲೆ ಕೂತಿದ್ದ ನಿವೃತ್ತ ಮೇಷ್ಟ್ರು ನನ್ನ ಕಾಲು ನೋಡಿದರು.

"ಏನ್ ಓಬಣ್ಣ, ಬರಿಗಾಲಾಗೆ ಬರ್ತಿದ್ದೀಯ? ಹರಕೆ ಏನಾರ ಐತಾ?"

ನಾನು ಬಾಯಿ ತೆರೆಯುವ ಮೊದಲೇ ಗಂಗಮ್ಮ ತಿರುಗಿ ನಿಂತಳು.

"ಹರಕೆ ಅಲ್ಲ ಮೇಷ್ಟ್ರೇ. ಇವತ್ತು ವ್ಯಾಪಾರ ಬಾಳ ಜೋರು. ಕಾಲಾಗಿರೋವನ್ನೂ ಬಿಡ್ದಂಗೆ ಮಾರಿ ಬಂದಾರೆ!"