ಹಳೇ ಮನೆಯ ಗೃಹಪ್ರವೇಶ

ಕೈಯಲ್ಲಿ ಕೆಲಸ ಇದ್ದಾಗ ನನಗೆ ನಗೋಕೆ ಪುರಸೊತ್ತು ಇರಲಿಲ್ಲ. ಕೆಲಸ ಹೋಗಿ ಸಾಲ ಮಾತ್ರ ಉಳಿದ ಮೇಲೆ, ವಾರಕ್ಕೊಂದಾದರೂ ನಗೆಪಾಟಲು ನನ್ನ ಮನೆ ಹುಡುಕಿಕೊಂಡು ಬರತೊಡಗಿತು. ಹೆಚ್ಚಿನವುಗಳಲ್ಲಿ ನಗೆಪಾಟಲಾದವಳು ನಾನೇ.

ಮದ್ದೂರಿನ ಹತ್ತಿರದ ಒಂದು ಗಾರ್ಮೆಂಟ್ಸಿನಲ್ಲಿ ದಾರ ಕತ್ತರಿಸುವ ಹೆಲ್ಪರಾಗಿ ಸೇರಿ, ಹದಿನೆಂಟು ವರ್ಷ ದುಡಿದು, ಹೊಲಿಗೆ ಮಿಷನ್ನುಗಳ ಒಂದು ಲೈನಿಗೇ ಸೂಪರ್‌ವೈಸರ್ ಆದವಳು ನಾನು. ಮಂಡ್ಯದ ಗುತ್ತಲಿನಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿದೆ. ಅಣ್ಣತಮ್ಮಂದಿರ ಹತ್ತಿರ ಒಂದು ರೂಪಾಯಿ ಕೇಳಲಿಲ್ಲ. ಫೈನಾನ್ಸ್ ಕಂಪನಿಯ ಹತ್ತಿರ ಕೇಳಿದೆ. ಒಂಬತ್ತು ವರ್ಷ ಒಂದು ಕಂತೂ ತಪ್ಪಿಸಲಿಲ್ಲ. ಆಮೇಲೆ ಒಂದು ಸೋಮವಾರ ಹೋಗಿ ನೋಡಿದರೆ ಫ್ಯಾಕ್ಟರಿಯ ಗೇಟಿಗೆ ಬೀಗ.

೧. ಹತ್ತು ಗಂಟೆಯ ಫೋನು

ಎರಡು ಕಂತು ತಪ್ಪಿದ ಕೂಡಲೇ ಕಂಪನಿಯ ವಸೂಲಿಯವನ ಫೋನು ಶುರುವಾಯಿತು. ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ. ಮೊದಲ ದಿನ ಅವನದು ಪುಸ್ತಕದ ಕನ್ನಡ.

"ಮೇಡಂ, ತಾವು ಕಂತನ್ನು ಪಾವತಿಸದಿದ್ದಲ್ಲಿ ತಮ್ಮ ಮನೆಯ ಬಾಗಿಲಿಗೆ ನೋಟೀಸು ಅಂಟಿಸಬೇಕಾಗುತ್ತದೆ."

"ಯಾವೂರಪ್ಪಾ ನಿಂದು?"

"ಆ ವಿಚಾರ ಇಲ್ಲಿ ಬೇಡ ಮೇಡಂ."

"ಯಾವೂರ್ಲಾ?"

"ಮಳವಳ್ಳಿ ತಾವ ಕಣಕ್ಕಾ."

"ಹಂಗೆ ಬಾ ದಾರಿಗೆ. ನೋಟೀಸು ಅಂಟಿಸ್ಬೇಕಾದ್ರೆ ಮೂರು ಕಂತು ತಪ್ಪಬೇಕು. ನಂದು ತಪ್ಪಿರೋದು ಎರಡೇ. ಪತ್ರದ ಹನ್ನೊಂದನೇ ಪುಟ ತೆಗೆದು ನೋಡು."

ಆ ಕಡೆ ಹಾಳೆ ಮಗುಚುವ ಸದ್ದು. ನಾನು ಅಕ್ಷರ ಕಲಿತದ್ದೇ ದೊಡ್ಡವಳಾದ ಮೇಲೆ, ಬಸ್ಸಿನ ಬೋರ್ಡು ಮತ್ತು ಪೊಟ್ಟಣ ಕಟ್ಟಿದ ಪೇಪರು ನೋಡಿಕೊಂಡು. ಹಾಗಾಗಿ ಓದಲು ಸಿಕ್ಕಿದ್ದನ್ನು ಅರ್ಧಕ್ಕೆ ಬಿಡುವ ಅಭ್ಯಾಸವಿಲ್ಲ. ಸಾಲದ ಪತ್ರವನ್ನೂ ಮೂರು ದಿನ ಮನೆಯಲ್ಲಿಟ್ಟುಕೊಂಡು ಓದಿಯೇ ಸಹಿ ಹಾಕಿದ್ದೆ.

"ಹೌದಲ್ಲಕ್ಕಾ!" ಎಂದ. "ಇದ ನಂಗ್ಯಾರೂ ಹೇಳ್ನೇ ಇಲ್ಲ."

ಮೂರನೇ ಕಂತಿಗೆ ಕೊನೆಯ ದಿನ ಮುಂದಿನ ತಿಂಗಳ ಹತ್ತು. ಅಷ್ಟರೊಳಗೆ ಮೂರನ್ನೂ ಕಟ್ಟಬೇಕು. ಇಲ್ಲದಿದ್ದರೆ ಗುತ್ತಲಿನವರೆಲ್ಲ ನಿಂತು ಓದುವ ಹಾಗೆ ನನ್ನ ಬಾಗಿಲಿಗೆ ಕಾಗದ. ಹಸಿದುಕೊಂಡು ಬೇಕಾದರೂ ಇರುತ್ತೇನೆ, ನನ್ನ ಬಾಗಿಲಿಗೆ ಆ ಕಾಗದ ಅಂಟಬಾರದು. ಅದೊಂದೇ ನನ್ನ ಹಟ.

ಅವನೂ ಬಿಡಲಿಲ್ಲ, ದಿನಾ ಹತ್ತಕ್ಕೆ ಫೋನು. ತನಗೂ ಟಾರ್ಗೆಟ್ ಇದೆ, ಮೇಲಿನವರು ಉಗಿಯುತ್ತಾರೆ ಎಂದ. ಟಾರ್ಗೆಟ್ಟಿನ ಕಷ್ಟ ನನಗೆ ಹೇಳಿಕೊಡಬೇಕೆ! ಉಗಿಸಿಕೊಳ್ಳದೆ ದಿನದ ಲೆಕ್ಕ ಒಪ್ಪಿಸುವುದು ಹೇಗೆಂದು ನಾನೇ ಅವನಿಗೆ ಪಾಠ ಮಾಡಿದೆ. ಒಂದು ದಿನ ಹತ್ತೂವರೆಯಾದರೂ ಫೋನು ಬರಲಿಲ್ಲ. ಹನ್ನೊಂದಾಯಿತು. ತಡೆಯಲಾರದೆ ನಾನೇ ಮಾಡಿದೆ.

"ಯಾಕ್ಲಾ, ಇವತ್ತು ಬೈಯ್ನೇ ಇಲ್ಲ? ಜ್ವರ ಗಿರ ಬಂದದಾ?"

೨. ಅರ್ಧ ದಿನದ ನೌಕರಿ

ಮಂಡ್ಯದ ಪೇಟೆಯಲ್ಲಿ ಒಂದು ರೆಡಿಮೇಡ್ ಬಟ್ಟೆ ಅಂಗಡಿಯಲ್ಲಿ ಕೆಲಸ ಸಿಕ್ಕಿತು. "ಗಿರಾಕಿ ಕೇಳಿದ್ದನ್ನ ತೆಗೆದು ತೋರಿಸೋದು, ಅಷ್ಟೇ" ಎಂದರು ಸಾಹುಕಾರರು.

ಮೊದಲ ಗಿರಾಕಿ ಒಬ್ಬ ಗಂಡ, ಒಬ್ಬಳು ಹೆಂಡತಿ. ಗಂಡನಿಗೆ ಶರ್ಟು ಬೇಕಿತ್ತು. ತೆಗೆದೆ. ಹದಿನೆಂಟು ವರ್ಷ ಪೀಸು ನೋಡಿದ ಕೈ ಸುಮ್ಮನಿರಬೇಕಲ್ಲ, ತಂತಾನೇ ಶರ್ಟನ್ನು ಒಳಹೊರಗು ಮಾಡಿಬಿಟ್ಟಿತು.

"ಇಲ್ನೋಡಿ, ಕಂಕುಳ ಹತ್ರ ಹೊಲಿಗೆ ತಪ್ಪಿದೆ. ಎರಡು ಸಲ ಒಗೆದ್ರೆ ಮುಗೀತು."

"ಅಯ್ಯೋ, ಹೌದಲ್ಲ! ಬೇರೆ ತೋರ್ಸಮ್ಮ" ಎಂದಳು ಹೆಂಡತಿ.

ಎರಡನೆಯದರ ಕಾಲರು ಒಂದು ಕಡೆಗೆ ವಾಲಿತ್ತು. ಮೂರನೆಯದರಲ್ಲಿ ಜೇಬು ಮೇಲಕ್ಕೆ ಹೋಗಿ ಕುತ್ತಿಗೆಯ ಹತ್ತಿರ ಕೂತಿತ್ತು. ಮಧ್ಯಾಹ್ನದ ಹೊತ್ತಿಗೆ ಗಲ್ಲಾಪೆಟ್ಟಿಗೆಯ ಪಕ್ಕ ನಾನು ರಿಜೆಕ್ಟ್ ಮಾಡಿದ ಮಾಲು ಸೊಂಟದೆತ್ತರಕ್ಕೆ ಬಂದಿತ್ತು. ಅಂಗಡಿ ತುಂಬ ಜನ. ಒಬ್ಬರೂ ಕೊಳ್ಳಲು ಬಂದವರಲ್ಲ. ಮನೆಯಿಂದ ಹಾಕಿಕೊಂಡು ಬಂದ ಬಟ್ಟೆಯ ಅಂಚು ಎತ್ತಿ ಹಿಡಿದು, "ನಂದೂ ಒಸಿ ನೋಡವ್ವ" ಎನ್ನುತ್ತಾ ಸಾಲಾಗಿ ನಿಂತಿದ್ದರು.

ಸಾಹುಕಾರರು ಒಳ್ಳೆಯವರು, ಬೈಯಲಿಲ್ಲ. ಕೈ ಮುಗಿದರು.

"ಅಮ್ಮಾ, ಪೂರ್ತಿ ದಿನದ ಸಂಬಳ ಕೊಡ್ತೀನಿ. ಈಗ್ಲೇ ಮನೆಗೆ ಹೋಗ್ಬಿಡಿ."

ದಿನವಿಡೀ ದುಡಿದು ಅರ್ಧ ಸಂಬಳ ತೆಗೆದುಕೊಂಡದ್ದು ನನಗೆ ಗೊತ್ತಿತ್ತು. ಅರ್ಧ ದಿನಕ್ಕೆ ಪೂರ್ತಿ ಸಂಬಳ ಅದೊಂದೇ ಸಲ. ಮನೆಗೆ ಬಂದು ಊಟದ ಡಬ್ಬಿ ಬಿಚ್ಚಿದರೆ ಮುದ್ದೆ ಇನ್ನೂ ಬೆಚ್ಚಗಿತ್ತು.

೩. ಪ್ರಾಮಾಣಿಕ ಮನುಷ್ಯ

ನಮ್ಮ ಕಡೆ ಮದುವೆಯೆಂದರೆ ಮುಯ್ಯಿ. ಉಂಡು ಕೈ ತೊಳೆದ ಮೇಲೆ ಮೇಜಿನ ಹತ್ತಿರ ಹೋಗಿ, ದುಡ್ಡು ಕೊಟ್ಟು, ಹೆಸರು ಬರೆಸಬೇಕು. ನಾಳೆ ನಮ್ಮ ಮನೆಯಲ್ಲಿ ಕಾರ್ಯವಾದರೆ ಅವರು ಅಷ್ಟಕ್ಕೆ ಇನ್ನಷ್ಟು ಸೇರಿಸಿ ನಮಗೆ ಬರೆಸಬೇಕು. ನಾನು ಮದುವೆಯಾಗಲಿಲ್ಲ, ಮನೆಯಲ್ಲಿ ಕಾರ್ಯವೂ ಆಗಲಿಲ್ಲ. ಹದಿನೆಂಟು ವರ್ಷ ನನ್ನದು ಬರೀ ಬರೆಸುವ ಕೈ.

ಕೆಲಸ ಹೋದ ಮೇಲೆ ಮಳವಳ್ಳಿ ಕಡೆಯ ಒಂದು ಹಳ್ಳಿಯಿಂದ ಬೀಗರ ಊಟಕ್ಕೆ ಕರೆ ಬಂತು. ಹೋಗದಿದ್ದರೆ ನನ್ನ ಸ್ಥಿತಿ ಎಲ್ಲರಿಗೂ ಗೊತ್ತಾಗುತ್ತದೆ. ಹೋದರೆ, ಐನೂರು ಬರೆಸುತ್ತಿದ್ದವಳ ಕೈಯಲ್ಲಿ ಇದ್ದದ್ದು ಐವತ್ತು. ಹೋದೆ. ಆ ಊರಿನಲ್ಲಿ ಮುಯ್ಯಿಯನ್ನು ಮೈಕಿನಲ್ಲಿ ಕೂಗುತ್ತಾರೆಂದು ಉಂಡಾದ ಮೇಲೆ ಗೊತ್ತಾಯಿತು.

ಬರೆಯುವವನ ಕಿವಿಯ ಹತ್ತಿರ ಬಗ್ಗಿ ಹೇಳಿದೆ: "ಅಣ್ಣಾ, ಬರ್ಕೋ. ಆದ್ರೆ ಮೈಕಲ್ಲಿ ಕೂಗ್‌ಬ್ಯಾಡ."

ಬಹಳ ಪ್ರಾಮಾಣಿಕ ಮನುಷ್ಯ. ತಲೆಯಾಡಿಸಿದ. ಬರೆದುಕೊಂಡ. ಮೈಕನ್ನು ಬಾಯಿಗೆ ಹಿಡಿದ.

"ಗುತ್ತಲಿನ ಸೂಪರ್‌ವೈಸರಮ್ಮೋರು, ಐವತ್ತು ರೂಪಾಯಿ! ಮೈಕಲ್ಲಿ ಕೂಗ್‌ಬ್ಯಾಡಿ ಅಂದವ್ರೆ!"

೪. ಯಾವ ಮನೆಯದು?

ಆ ಊರಿನಿಂದ ಮಂಡ್ಯದ ಬಸ್ಸು ಹತ್ತಿ ಕೂತಾಗ ಕಿವಿಯಲ್ಲಿ ಇನ್ನೂ ಮೈಕು ಕೂಗುತ್ತಿತ್ತು. ಆಗ ಹೊಳೆಯಿತು. ಸಾಲ ಕೇಳಿದರೆ ಕೈ ಚಾಚಿದಂತೆ. ಮುಯ್ಯಿ ಹಾಗಲ್ಲ. ಅದು ನನ್ನದೇ ದುಡ್ಡು, ಮೂರು ತಾಲ್ಲೂಕಿನ ತುಂಬ ಹಂಚಿ ಇಟ್ಟಿದ್ದೇನೆ. ವಾಪಸು ತರಲು ಮನೆಯಲ್ಲೊಂದು ಕಾರ್ಯ ಬೇಕು. ಹತ್ತನೇ ತಾರೀಕಿನೊಳಗೆ ಗಂಡು ಹುಡುಕಿ ಮದುವೆಯಾಗುವುದು ನನ್ನಿಂದ ಸಾಧ್ಯವಿರಲಿಲ್ಲ. ಆದರೆ ಗೃಹಪ್ರವೇಶ ಬಾಕಿ ಇತ್ತು! ಮನೆ ಕಟ್ಟಿಸಿದಾಗ ಒಂದು ಭಾನುವಾರ ಸಂಜೆ ಟ್ರಂಕು ತಂದಿಟ್ಟು ಮಲಗಿದ್ದೆ. ಬೆಳಿಗ್ಗೆ ಎದ್ದು ಶಿಫ್ಟಿಗೆ ಓಡಿದ್ದೆ. ಹಾಲು ಕೂಡ ಉಕ್ಕಿಸಿರಲಿಲ್ಲ.

ಪುರೋಹಿತರು ಪಂಚಾಂಗ ನೋಡಿ, "ಹತ್ತನೇ ತಾರೀಕು ಬಿಟ್ಟರೆ ಎರಡು ತಿಂಗಳು ಮುಹೂರ್ತ ಇಲ್ಲಮ್ಮ" ಎಂದರು. ಅದೇ ಇರಲಿ ಎಂದೆ.

ಮೊದಲು ಎದುರುಮನೆಯ ಅಜ್ಜಿಯನ್ನು ಕರೆದೆ.

"ಯಾವ ಮನೇದವ್ವಾ ಗೃಹಪ್ರವೇಶ?"

"ಇದೇ ಮನೇದು ಅಜ್ಜಿ."

"ಮತ್ತೆ ಒಂಬತ್ತು ವರ್ಸದಿಂದ ಇದ್ರೊಳಗೆ ಇದ್ದೋಳ್ಯಾರು?"

"ನಾನೇ. ಇಷ್ಟು ದಿನ ಸುಮ್ನೆ ಇದ್ದೆ, ಇನ್ಮೇಲೆ ಶಾಸ್ತ್ರದ ಪ್ರಕಾರ ಇರ್ತೀನಿ."

ಮದ್ದೂರಿನಲ್ಲಿರುವ ನನ್ನ ಚಿಕ್ಕಮ್ಮ ಅಜ್ಜಿಯಷ್ಟು ಸುಲಭದವಳಲ್ಲ. ಕರೆದ ಕೂಡಲೇ ಸೊಂಟದ ಮೇಲೆ ಕೈಯಿಟ್ಟುಕೊಂಡಳು.

"ಮುಯ್ಯಿ ವಸೂಲಿಗೇನೇ?"

"ಛೆ, ಛೆ! ಪುಣ್ಯಕ್ಕೆ ಚಿಕ್ಕಮ್ಮ."

"ಪುಣ್ಯಕ್ಕಾದ್ರೆ ಉಂಡ್ಕೊಂಡು ಬತ್ತೀನಿ ಬುಡು. ಮುಯ್ಯಿ ಯಾಕೆ?"

"ನಿನ್ನ ಮೂರು ಮಕ್ಕಳ ಮದುವೆಗೂ ನಾನು ಬರೆಸಿವ್ನಿ."

"ಅಂಗಾದ್ರೆ ವಸೂಲಿಗೆ ಅಂತ್ಲೇ ಹೇಳು. ನಾನೇ ಬಂದು ಮೇಜಿನ ಹತ್ರ ಕೂತ್ಕೋತೀನಿ. ಯಾವನು ತಪ್ಪಿಸ್ಕೊಂಡು ಹೋಯ್ತಾನೋ ನೋಡ್ತೀನಿ!"

೫. ಹತ್ತನೇ ತಾರೀಕು

ಆ ದಿನ ಬೆಳಿಗ್ಗೆ ಪುರೋಹಿತರು ಬಂದು ಒಳಗೆ ಇಣುಕಿ ದಂಗಾದರು.

"ಏನಮ್ಮ ಇದು, ಮಂಚ ಇದೆ, ಟಿ.ವಿ. ಇದೆ, ಒಗೆದ ಬಟ್ಟೆ ಒಣಗ್ತಿದೆ! ಪ್ರವೇಶ ಮಾಡಬೇಕಾದ್ರೆ ಮೊದಲು ಹೊರಗಿರಬೇಕು ತಾನೆ? ಎಲ್ಲ ಆಚೆ ಹಾಕ್ಸಿ."

ಫ್ಯಾಕ್ಟರಿಯಲ್ಲಿ ನನ್ನ ಲೈನಿನಲ್ಲಿದ್ದ ಹೆಂಗಸರು ಅಡಿಗೆ ಮಾಡಲೆಂದು ಬಂದಿದ್ದರು. ಹದಿನೈದು ನಿಮಿಷದಲ್ಲಿ ಮಂಚ, ಬೀರು, ಪಾತ್ರೆ, ನನ್ನ ಪುಸ್ತಕದ ಪೆಟ್ಟಿಗೆ ಎಲ್ಲ ಬೀದಿಗೆ ಬಂದವು. ಮುಹೂರ್ತಕ್ಕೆ ತೆಗೆಯಲೆಂದು ಬಾಗಿಲಿಗೆ ಬೀಗವನ್ನೂ ಹಾಕಿಸಿದರು. ನಾನು ರೇಷ್ಮೆ ಸೀರೆ ಉಟ್ಟು ಬೀದಿಯಲ್ಲಿ ಮಂಚದ ಮೇಲೆ ಕೂತೆ.

ಆಗ ಒಂದು ಬೈಕು ಬಂದು ನಿಂತಿತು. ಇಳಿದವನ ಒಂದು ಕೈಯಲ್ಲಿ ಸುತ್ತಿದ ಕಾಗದ, ಇನ್ನೊಂದರಲ್ಲಿ ಗೋಂದಿನ ಬಾಟಲಿ. ಬೀದಿಯಲ್ಲಿ ಬೀರು, ಬಾಗಿಲಿಗೆ ಬೀಗ, ಮಂಚದ ಮೇಲೊಬ್ಬ ಹೆಂಗಸು, ಸುತ್ತ ಜನ. ನೋಡಿ ಅವನ ಮುಖ ಬಿಳುಚಿಕೊಂಡಿತು. ನಿಂತಲ್ಲೇ ಫೋನು ತೆಗೆದ.

"ಸಾರ್, ಕೆಟ್ವಿ! ಬೇರೆ ಯಾವ್ದೋ ಕಂಪನಿಯೋರು ನಮಗಿಂತ ಮುಂಚೆ ಬಂದು ಸಾಮಾನೆಲ್ಲ ಆಚ್ಗಾಕ್‌ಬುಟ್ಟವ್ರೆ!"

ಮುಖ ನೋಡಿದ್ದು ಅದೇ ಮೊದಲು. ಆದರೆ ದನಿ ಗುರುತಾಗದೆ ಇರುತ್ತದೆಯೇ?

"ಹತ್ತು ಗಂಟೆಯವನಲ್ವೇನ್ಲಾ ನೀನು?"

ಅವನು ಹತ್ತಿರ ಬಂದ. ನಿಜವಾಗಿಯೂ ಕಣ್ಣು ಒದ್ದೆಯಾಗಿತ್ತು. "ಇನ್ನೊಂದು ಕಡೆನೂ ಸಾಲ ಮಾಡಿವ್ನಿ ಅಂತ ನಂಗೊಂದು ಮಾತು ಹೇಳ್ಬಾರ್ದಾಗಿತ್ತಾ ಅಕ್ಕಾ? ದಿನಾ ಫೋನ್ ಮಾಡ್ತಿರ್ನಿಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಪುರೋಹಿತರು ಕೂಗಿದರು: "ಯಾರ್ರೀ ಅದು ಸುಮ್ನೆ ನಿಂತಿರೋದು? ಮುಹೂರ್ತ ಮೀರ್ತಾ ಇದೆ, ಈ ಹಸು ಹಿಡ್ಕೊಳ್ಳಿ!" ಅವನು ಗಾಬರಿಯಲ್ಲಿ ಕಾಗದವನ್ನು ಬೈಕಿನ ಚೀಲಕ್ಕೆ ತುರುಕಿ ಹಗ್ಗ ಹಿಡಿದ. ಹೀಗೆ ನನ್ನ ಮನೆಗೆ ಶಾಸ್ತ್ರದ ಪ್ರಕಾರ ಮೊದಲು ಕಾಲಿಟ್ಟದ್ದು ಹಸು, ಅದರ ಜೊತೆಗೆ ವಸೂಲಿಯವನು, ಅವರಿಬ್ಬರ ಹಿಂದೆ ನಾನು. ಬಾಗಿಲ ಮೇಲಿನ 'ಸುಸ್ವಾಗತ'ದ ಕಾಗದ ಬಿದ್ದುಹೋಗಿತ್ತು. ಚಿಕ್ಕಮ್ಮ ಅವನ ಗೋಂದು ಇಸಿದುಕೊಂಡು ಅದನ್ನು ಗಟ್ಟಿಯಾಗಿ ಅಂಟಿಸಿದಳು.

ಸಂಜೆ ಐದರೊಳಗೆ ಕಟ್ಟದಿದ್ದರೆ ಅಂಟಿಸಿಯೇ ಬರಬೇಕೆಂದು ಅವನನ್ನು ಕಳಿಸಿದ್ದರಂತೆ. "ಐದಕ್ಕೆ ಇನ್ನೂ ಹೊತ್ತದೆ, ಉಣ್ಣು" ಎಂದೆ. ಬೇಡ ಬೇಡ ಎನ್ನುತ್ತಲೇ ಎರಡು ಸಲ ಪಾಯಸ ಹಾಕಿಸಿಕೊಂಡ. ಉಂಡು ಎದ್ದರೆ ದಾರಿಯಲ್ಲೇ ಮೇಜು, ಮೇಜಿನ ಹಿಂದೆ ಚಿಕ್ಕಮ್ಮ. ನಮ್ಮ ಕಡೆಯವನು, ಹೇಗೆ ದಾಟಿ ಹೋದಾನು? ಇನ್ನೂರು ಬರೆಸಿದ.

ನಾಲ್ಕು ಗಂಟೆಗೆ ಚಿಕ್ಕಮ್ಮ ಸೆರಗಿಗೆ ಕಟ್ಟಿಕೊಂಡಿದ್ದ ಮುಯ್ಯಿಯ ಗಂಟು ಬಿಚ್ಚಿದಳು. ಮೂರು ಕಂತೂ ಬಂದಿತ್ತು, ಮೇಲೆ ಇನ್ನೂ ಸ್ವಲ್ಪ. ಬೀದಿಯಲ್ಲಿದ್ದ ಅದೇ ಮಂಚದ ಮೇಲೆ ಕೂರಿಸಿ ಅವನ ಕೈಗೆ ಎಣಿಸಿ ಕೊಟ್ಟೆ. ಎಣಿಸುತ್ತಾ ಎಣಿಸುತ್ತಾ ಅವನ ಕೈ ನಿಂತಿತು.

"ಅಕ್ಕಾ, ಅಂಚು ಹರಿದಿರೋ ಈ ಇನ್ನೂರರ ನೋಟು ನಂದಲ್ವಾ?"

"ನಿಂದಾಗಿತ್ತು. ಆಮೇಲೆ ನಂದಾಯ್ತು. ಈಗ ಕಂಪನೀದು. ರಸೀದಿ ಬರಿ."

ನನ್ನ ಬಾಗಿಲಿಗೆ ಆ ನೋಟೀಸು ಅಂಟಲಿಲ್ಲ. ಅವತ್ತು ಉಳಿದ ದುಡ್ಡಿನಲ್ಲಿ ಹಳೆಯ ಹೊಲಿಗೆ ಮಿಷನ್ ಒಂದನ್ನು ಕೊಂಡೆ. ಬಟ್ಟೆ ಅಂಗಡಿಯ ಸಾಹುಕಾರರನ್ನು ಹೋಗಿ ಕಂಡರೆ, ನಾನು ಪೇರಿಸಿಟ್ಟ ರಿಜೆಕ್ಟ್ ಮಾಲನ್ನೆಲ್ಲ ನನಗೇ ಕೊಟ್ಟು, "ಸರಿ ಮಾಡ್ಕೊಡಿ, ಪೀಸಿಗೆ ಇಷ್ಟು ಅಂತ ಕೊಡ್ತೀನಿ. ಆದ್ರೆ ಅಂಗಡಿಯೊಳಕ್ಕೆ ಮಾತ್ರ ಬರ್ಬೇಡಿ" ಎಂದರು. ಈಗ ಮುಂದಿನ ಕೋಣೆಯಲ್ಲಿ ಎರಡು ಮಿಷನ್ ಓಡುತ್ತಿವೆ. ಕಂತು ತಪ್ಪಿಲ್ಲ. ಹತ್ತು ಗಂಟೆಯ ಫೋನೂ ನಿಂತಿತ್ತು.

ಮೊನ್ನೆ ಹತ್ತಕ್ಕೆ ಸರಿಯಾಗಿ ಮತ್ತೆ ಬಂತು. ಮತ್ತದೇ ಪುಸ್ತಕದ ಕನ್ನಡ.

"ಮೇಡಂ, ತಮ್ಮ ಹೆಸರಿನಲ್ಲಿ ಇನ್ನೂರು ರೂಪಾಯಿ ಬಾಕಿ ಇರುತ್ತದೆ."

ನನಗೆ ಉರಿದುಹೋಯಿತು. "ಯಾವ ಬಾಕಿಲಾ? ಒಂದು ಪೈಸೆ ಬಿಡದಂಗೆ ಕಟ್ಟಿವ್ನಿ. ಹನ್ನೊಂದನೇ ಪುಟ ತೆಗಿ!"

"ಕಂಪನೀದಲ್ಲ ಕಣಕ್ಕಾ, ನಂದು" ಎಂದ ನಗುತ್ತಾ. "ಬರೋ ತಿಂಗಳು ಹತ್ತನೇ ತಾರೀಕು ಮದುವೆ ಇಟ್ಕೊಂಡಿವ್ನಿ. ಇನ್ನಷ್ಟು ಸೇರಿಸ್ಕೊಂಡೇ ಬಾ ಅಕ್ಕಾ. ನಮ್ಮೂರಲ್ಲಿ ಮೈಕಲ್ಲಿ ಕೂಗ್ತಾರೆ."