ಮಗಳ ಭುಜಕ್ಕೆ ನನ್ನ ಟವೆಲ್ ಚಿಕಿತ್ಸೆ

ಇಪ್ಪತ್ತೆರಡು ವರ್ಷ ಟವೆಲು ಜಗ್ಗಿದವನಿಗೆ ಮಗಳ ಭುಜ ಯಾವ ಲೆಕ್ಕ ಎಂದುಕೊಂಡಿದ್ದೆ. ಅಕ್ಕಲಕೋಟ ರಸ್ತೆ ಎಂಐಡಿಸಿ ಕೈಗಾರಿಕಾ ಪ್ರದೇಶದ ಟವೆಲ್ ಕಾರ್ಖಾನೆಯೊಂದರಲ್ಲಿ ನಾನು ಮಾಲು ಪರೀಕ್ಷಿಸುವ ಚೆಕ್ಕರ್. ತೊಳೆದ ಟವೆಲು ಒಂದು ಕಡೆ ಮುದುಡಿಕೊಂಡರೆ ಇಬ್ಬರು ಮೂಲೆ ಹಿಡಿದು ಜಗ್ಗುತ್ತೇವೆ. ಅದು ಮರುಮಾತಿಲ್ಲದೆ ನೆಟ್ಟಗಾಗುತ್ತದೆ.

ಮಗಳು ಶ್ರಾವಣಿ ಅಕ್ಕಲಕೋಟದಲ್ಲಿ ಹತ್ತನೆಯ ತರಗತಿ, ವಾಲಿಬಾಲ್ ಆಡುತ್ತಾಳೆ. ಹಾರಿ ಚೆಂಡು ಬಾರಿಸಿ ಬಾರಿಸಿ ಬಲಭುಜ ಬಿಗಿದುಕೊಂಡಿತ್ತು. ಬೆನ್ನ ಹಿಂದೆ ಒಂದು ಕೈ ಮೇಲಿಂದ, ಇನ್ನೊಂದು ಕೆಳಗಿಂದ ತಂದು ಬೆರಳು ಕೂಡಿಸು ಎಂದರೆ ನಡುವೆ ನಾಲ್ಕು ಬೆರಳು ಅಂತರ. ಜಿಲ್ಲಾ ತಂಡದ ಆಯ್ಕೆಗೆ ಆರು ವಾರ ಉಳಿದಿತ್ತು. ಅಷ್ಟರಲ್ಲಿ ನೋವು ಹೋಗದಿದ್ದರೆ ಕಳಿಸುವುದಿಲ್ಲ ಎಂದು ಕೋಚ್ ಮೇಡಂ ಖಡಾಖಂಡಿತವಾಗಿ ಹೇಳಿ, ಸೋಲಾಪುರದ ಫಿಜಿಯೊ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು. ಹುಡುಗಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಚೀಟಿ ನನ್ನ ಜೇಬಿನಲ್ಲೇ ಉಳಿಯಿತು. ಮನೆಯಲ್ಲೇ ತಜ್ಞರಿರುವಾಗ ಹೊರಗಿನವರ ಬಳಿ ಏಕೆ ಹೋಗಬೇಕು?

ಗುರುವಾರ ನನಗೆ ವಾರದ ರಜೆ. ಬೆಳಿಗ್ಗೆ ಟವೆಲು ಹಿಡಿದು ಅಂಗಳದಲ್ಲಿ ಚಿಕಿತ್ಸಾ ಶಿಬಿರ ಉದ್ಘಾಟಿಸಿದೆ. ಮಗಳು ಟವೆಲನ್ನೂ ನನ್ನನ್ನೂ ನೋಡಿ, "ಮೊದ್ಲ ನೀನ ಮಾಡಿ ತೋರ್ಸಪ್ಪಾ" ಎಂದಳು. ಇಂಥ ಆಹ್ವಾನಕ್ಕೆ ಬೆನ್ನು ತೋರಿಸುವ ವಂಶ ನಮ್ಮದಲ್ಲ. ಟವೆಲಿನ ತುದಿ ಹಿಡಿದ ಬಲಗೈಯನ್ನು ತಲೆಯ ಮೇಲಿಂದ ಬೆನ್ನಿಗೆ ಬಿಟ್ಟು, ಜೋತುಬಿದ್ದ ಇನ್ನೊಂದು ತುದಿಯನ್ನು ಹೆಂಡತಿಗೆ ಕೊಟ್ಟೆ. ಅವಳು ಮೆಲ್ಲಗೆ ಎಳೆದಳು.

"ಉಂಡಿಲ್ಲೇನ? ಜೋರಲೆ ಜಗ್ಗು" ಎಂದೆ.

ಮದುವೆಯಾದಾಗಿನಿಂದ ಅವಳು ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದು ಅದೊಂದೇ ಸಲ!

ಕಟ್ ಎಂದಿತು. ಟವೆಲಲ್ಲ.

ಮೊಣಕೈ ಆಕಾಶ ನೋಡುತ್ತ ನಿಂತುಬಿಟ್ಟಿತು. ಇಳಿಸಲು ಹೋದರೆ ಜೀವ ಹೋಗುವಷ್ಟು ನೋವು. ಪಕ್ಕದ ಮನೆಯ ಕಾಕಾ ಓಡಿಬಂದು ಮುಲಾಮು ತಿಕ್ಕಿದರು. ಅರ್ಧ ಕಣ್ಣಿಗೆ ಹೋಯಿತು. ಕೈ ಎತ್ತಿಕೊಂಡು, ಕಣ್ಣು ಮುಚ್ಚಿಕೊಂಡು, ಮಗಳು ಕರೆದೊಯ್ದಂತೆ ರಸ್ತೆಗೆ ಬಂದೆ; ಹೆಂಡತಿಯೂ ಹಿಂದೆಯೇ ಬಂದಳು. ನಾನು ಕೈ ಮಾಡುತ್ತಿದ್ದೇನೆಂದು ತಿಳಿದು ಸೋಲಾಪುರಕ್ಕೆ ಜನ ತುಂಬಿಕೊಂಡು ಹೋಗುವ ವಡಾಪ್ ಜೀಪು ನಿಂತಿತು. ಅದರ ಹಿಂದೆ ಇನ್ನೊಂದು ನಿಂತಿತು!

"ಹತ್ತಪ್ಪಾ" ಎಂದಳು ಮಗಳು. ನನ್ನ ಜೇಬಿನ ಚೀಟಿ ಆಗಲೇ ಅವಳ ಕೈಯಲ್ಲಿತ್ತು. ಎಂದೂ ಜಾಗ ಸಿಗದ ಆ ಜೀಪಿನಲ್ಲಿ ಅಂದು ನನ್ನ ಮೊಣಕೈಗೆ ಹೆದರಿ ಮೂವರು ಸರಿದು ಕುಳಿತರು.

ಫಿಜಿಯೊ ಡಾಕ್ಟರಮ್ಮ ನನ್ನ ಕೈಯನ್ನು ನಿಧಾನವಾಗಿ ಇಳಿಸುತ್ತ ಏನಾಯಿತೆಂದು ಕೇಳಿದರು. ಹೆಂಡತಿ ಒಂದನ್ನೂ ಬಿಡದೆ ಹೇಳಿದಳು. ಆಮೇಲೆ ಅವರು ಮಗಳ ಭುಜವನ್ನು ತಿರುಗಿಸಿ, ಒತ್ತಿ, ಬಹಳ ಹೊತ್ತು ಪರೀಕ್ಷಿಸಿದರು. ನನ್ನ ನೋವು ಮರೆತು ಅವರ ಮುಖವನ್ನೇ ನೋಡುತ್ತಿದ್ದೆ.

"ಭುಜ ಅಂದ್ರ ಟವೆಲ್ ಅಲ್ಲರಿ. ಮೆತ್ತಗ ಸಡಿಲ ಮಾಡ್ಬೇಕು, ಸಡಿಲಾದ ಮ್ಯಾಲೆ ಅದನ್ನ ಹಿಡಿದಿಡಾಕ ತಾಕತ್ತೂ ಬರ್ಬೇಕು. ಆಕಿದು ಆರಾಮ ಆಗತದ" ಎಂದರು. ನನ್ನ ಕಡೆ ತಿರುಗಿ, "ನಿಮ್ದು ನೋಡೋಣು" ಎಂದರು.

ಮೊದಲ ಎರಡು ವಾರ ಚೆಂಡು ಬಾರಿಸುವುದು ಬಂದ್. ದಿನಾ ಮಗ್ಗುಲಾಗಿ ಮಲಗಿ ಮುಂಗೈಯನ್ನು ಮೆಲ್ಲಗೆ ಕೆಳಕ್ಕೆ ಒತ್ತುವುದು, ಕಿಟಕಿಯ ಸರಳಿಗೆ ಕಟ್ಟಿದ ರಬ್ಬರ್ ಪಟ್ಟಿ ಎಳೆಯುವುದು. ನೋವು ತಗ್ಗಿದ ಮೇಲೆ ನನಗೂ ಒಂದು ಪಟ್ಟಿ ಸಿಕ್ಕಿತು. ಮಗಳದು ಹಸಿರು. ನನ್ನದು ಹಳದಿ, ಎಲ್ಲಕ್ಕಿಂತ ಮೆತ್ತನೆಯದು. ಅವಳು ಹದಿನೈದು ಎಣಿಸುವಾಗ ನಾನು ನಾಲ್ಕಕ್ಕೇ ಏದುಸಿರು ಬಿಡುತ್ತಿದ್ದೆ. ನಾಲ್ಕು ಬೆರಳ ಅಂತರ ಎರಡಾಯಿತು, ಒಂದಾಯಿತು. ಒಂದು ಬೆಳಿಗ್ಗೆ ಬೆರಳಿಗೆ ಬೆರಳು ತಾಗಿತು. ಹೆಂಡತಿಯನ್ನು ಕೂಗಿ ಕರೆದು ಎರಡೆರಡು ಸಲ ತೋರಿಸಿದೆ.

ಆಯ್ಕೆಯ ದಿನ ಸೋಲಾಪುರದ ಮೈದಾನದಲ್ಲಿ ಅವಳು ಹಾರಿ ಬಾರಿಸಿದ ಮೊದಲ ಚೆಂಡಿಗೇ ಗೊತ್ತಾಯಿತು, ನೋವಿಲ್ಲ ಎಂದು. ಸಂಜೆ ಓದಿದ ಆಯ್ಕೆಯಾದವರ ಪಟ್ಟಿಯಲ್ಲಿ ಅವಳ ಹೆಸರಿತ್ತು. ಇನ್ನೊಬ್ಬ ಹುಡುಗಿಯ ತಂದೆ ನನ್ನ ಬಳಿ ಬಂದು, ನಮ್ಮವಳಿಗೂ ಭುಜ ನೋವು, ನೀವು ಏನು ಮಾಡಿದಿರಿ ಎಂದು ವಿನಯದಿಂದ ಕೇಳಿದರು. ನಾನು ಗಂಟಲು ಸರಿಪಡಿಸಿಕೊಂಡೆ.

"ಕಾಕಾ, ನಮ್ಮಪ್ಪ ಮಾಡಿದ್ದು ಒಂದ್ ಬಿಟ್ಟು, ಉಳದದ್ದೆಲ್ಲಾ ಮಾಡ್ರಿ" ಎಂದಳು ಶ್ರಾವಣಿ.

ಎರಡೂ ಕೈ ಎತ್ತಿ ಸೋಲು ಒಪ್ಪಿಕೊಳ್ಳಬೇಕೆಂದಿದ್ದೆ. ಎಡಗೈ ಮೇಲೆ ಹೋಯಿತು. ಬಲಗೈ ಕಿವಿಯ ತನಕ ಬಂದು ನಿಂತಿತು.