ಹನುಮಸಾಗರದ ಕಡೆ ಮುಖ ಮಾಡಿದ ಗಿಣಿಗಳು

ನಾನು ಓದಿದ್ದು ಎರಡನೆಯ ಇಯತ್ತೆ. ಆದರೆ ಇಂಗ್ಲಿಷ್ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ಕೊಪ್ಪಳದಲ್ಲಿ ಇಲ್ಲ. ಹತ್ತಿ ಜಿನ್ನಿನಲ್ಲಿ, ಒತ್ತಿ ಕಟ್ಟಿದ ಹತ್ತಿಯ ಅಂಡಿಗೆಗಳ ಮೇಲೆ ಅಕ್ಷರ ಕೊರೆದ ತಗಡು ಇಟ್ಟು, ಕರಿ ಬಣ್ಣದ ಕುಂಚ ಆಡಿಸಿ, ಸಾಹುಕಾರರ ಗುರುತಿನ ಇಂಗ್ಲಿಷ್ ಅಕ್ಷರ ಮೂಡಿಸುವುದು ನನ್ನ ಕೆಲಸ. ಏನು ಬರೆದೆ ಎಂದು ಮಾತ್ರ ಕೇಳಬೇಡಿ. ಆಗಿನ ಸರಕಾರಿ ಸಾಲೆಯಲ್ಲಿ ಮಾಸ್ತರರು ಉರ್ದುವಿನಲ್ಲಿ ಹೇಳುತ್ತಿದ್ದರು, ನಾನು ಕನ್ನಡದಲ್ಲಿ ಕೇಳುತ್ತಿದ್ದೆ. ಇಬ್ಬರಿಗೂ ಕೊನೆಯವರೆಗೆ ಭೇಟಿಯೇ ಆಗಲಿಲ್ಲ. ನನಗೆ ಗೊತ್ತಿರುವ ಶಾಸ್ತ್ರ ಒಂದೇ: ತಗಡನ್ನು ತಿರುವಿ ಇಡಬಾರದು. ತಿರುವಿದರೆ ಅಕ್ಷರ ಉಲ್ಟಾ ಬೀಳುತ್ತದೆ, ಸಾಹುಕಾರರ ಬೈಗುಳ ಮಾತ್ರ ನೆಟ್ಟಗೆ ಬೀಳುತ್ತದೆ.

ಮಗಳು ನೀಲವ್ವ ಬಾಣಂತನಕ್ಕೆ ಬಂದಾಗ ನನಗೆ ಮೊದಲ ಮೊಮ್ಮಗಳು ಹುಟ್ಟಿದಳು. ಅವಳು ಆಕಳಿಸಿದರೂ ನಾನು ಓಣಿಗೆಲ್ಲ ಹೇಳಿಬರುತ್ತಿದ್ದೆ. ಐದನೆಯ ತಿಂಗಳಿಗೆ ಮಗಳ ಗಂಡನ ಊರು ಹನುಮಸಾಗರದಿಂದ ಬೀಗಿತ್ತಿ ಬಂದು ತಾಯಿ-ಮಗುವನ್ನು ಕರೆದೊಯ್ಯುವವರಿದ್ದರು. ಇನ್ನೊಂದು ತಿಂಗಳು ಬಿಟ್ಟುಹೋಗಿ ಎಂದು ಬೇಡಿಕೊಳ್ಳುವುದು ನನ್ನ ಹಂಚಿಕೆ. ಗೋಡೆ ಚಂದ ಕಂಡರೆ ಬೀಗಿತ್ತಿಯ ಮನಸ್ಸು ಕರಗೀತು ಎಂದು ಚಿಮಣಿ ಎಣ್ಣೆಯ ಡಬ್ಬಿ ಕತ್ತರಿಸಿ, ತಗಡಿನಲ್ಲಿ ಗಿಣಿ ಕೊರೆದೆ. ಮೊದಲನೆಯದು ಕೊರೆಯುವಾಗ ಕಣ್ಣಿನ ತುಂಡೇ ಉದುರಿ ಕುರುಡಾಯಿತು. ಎರಡನೆಯದು ಚೆನ್ನಾಗಿ ಬಂತು. ಸುಣ್ಣದ ಗೋಡೆಯ ಮೇಲೆ, ತೊಟ್ಟಿಲಿನ ಸುತ್ತ, ಹಸಿರು ಮೈ ಕೆಂಪು ಕೊಕ್ಕಿನ ಗಿಣಿಗಳ ಸಾಲು ಹೊಡೆದೆ.

ನನ್ನ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಏನ್ರಿ, ಇದನ್ನ ಗ್ವಾಡಿ ಅಂದ್ಕೊಂಡೀರೋ, ಹತ್ತಿ ಅಂಡಿಗಿ ಅಂದ್ಕೊಂಡೀರೋ? ಕೂಸಿನ ಬೆನ್ನಿಗೂ ಒಂದು ಗುರುತು ಹೊಡದ ಬಿಡ್ರಿ!"

"ಹೊಡೀತಿದ್ದೆ. ಯಾರ ಮಾಲು ಅಂತ ಬರೀಬೇಕು, ಅದ ಗೊತ್ತಾಗವಲ್ದು" ಎಂದೆ.

ಬೀಗಿತ್ತಿ ಬಂದರು. ಚಹಾ ಕುಡಿಯುತ್ತ ಗೋಡೆ ನೋಡಿದರು. "ಬೀಗರ, ನಿಮ್ಮ ಗಿಣಿ ಭಾಳ ಶಾಣ್ಯಾ ಅದಾವ ನೋಡ್ರಿ. ಎಲ್ಲಾವೂ ಬಾಗಲ ಕಡೆ ಮಾರಿ ಮಾಡಿ, ಹನುಮಸಾಗರಕ್ಕ ಹೊಂಟು ನಿಂತಾವ. ಅವುಕ್ಕ ತಿಳದದ್ದು ನಿಮಗ ತಿಳೀವಲ್ದೇನು?"

ನೋಡಿದೆ, ನಿಜ. ಜಿನ್ನಿನ ರೂಢಿಯಿಂದ ಒಮ್ಮೆಯೂ ತಗಡು ತಿರುವಿರಲಿಲ್ಲ. ಬೇಡಿಕೊಳ್ಳಲು ತೆರೆದ ಬಾಯಿಯನ್ನು ನನ್ನ ಗಿಣಿಗಳೇ ಮುಚ್ಚಿಸಿಬಿಟ್ಟವು.

ಮಧ್ಯಾಹ್ನ ಊಟವಾಗಿ ಬೀಗಿತ್ತಿ ಅಡ್ಡಾದರು. ನಾನು ತಗಡು ಒರೆಸಿ, ಜನ್ಮದಲ್ಲಿ ಮೊದಲ ಸಲ ತಿರುವಿ ಇಟ್ಟೆ. ಹೊರಗೆ ಹೊರಟ ಒಂದೊಂದು ಗಿಣಿಯ ಎದುರಿಗೂ ಒಳಗೆ ಬರುವ ಗಿಣಿಯೊಂದನ್ನು ಮೂಡಿಸಿದೆ. ಬೀಗಿತ್ತಿ ಎದ್ದು ಕಣ್ಣುಜ್ಜಿಕೊಂಡರು.

"ಈಗ ನೋಡ್ರಿ, ಒಳಗ ಬರವೂ ಅಷ್ಟ ಅದಾವ" ಎಂದೆ.

"ಅಯ್ಯ, ಜೋಡಿ ಗಿಣಿ ಆದ್ವಲ್ರಿ! ಎಷ್ಟು ಛಲೋ ಕಾಣ್ತಾವ! ನಮ್ಮ ಮನಿ ಗ್ವಾಡಿಗೂ ಹಿಂಗ ಮಾಡಿ ಕೊಡ್ರಿ. ತಗಡ ತೊಗೊಂಡು ನಾಳಿ ನೀವೂ ಗಾಡಿ ಹತ್ತಿಬಿಡ್ರಿ."

ಮೊಮ್ಮಗಳು ಉಳಿಯಲಿಲ್ಲ, ನಾನೇ ಹೊರಟೆ. ಸುಗ್ಗಿ ಮುಗಿದು ಜಿನ್ನು ಬಾಗಿಲು ಹಾಕಿತ್ತು. ಹೆಣ್ಣು ಕೊಟ್ಟ ಮನೆಯಲ್ಲಿ ತಳ ಊರಿದರೆ ಜನ ನಗುತ್ತಾರೆ, ನಿಜ. ಆದರೆ ನಾನು ಕೆಲಸಕ್ಕೆ ಹೋದವನು. ದಿನಕ್ಕೊಂದು ಜೋಡಿ ಗಿಣಿ ಹೊಡೆಯುವುದು, "ಬಣ್ಣ ಆರಬೇಕ್ರಿ" ಎಂದು ಕುಂಚ ಕೆಳಗಿಡುವುದು, ಮೊಮ್ಮಗಳನ್ನು ತೊಡೆಯ ಮೇಲೆ ಆಡಿಸುವುದು. ಹೀಗೆ ಸುಖವಾಗಿ ನಡೆದಿತ್ತು. ಒಂದು ಬೆಳಿಗ್ಗೆ ಬೀಗಿತ್ತಿ ಕೇಳಿದರು:

"ಬೀಗರ, ಜಿನ್ನಿನ್ಯಾಗ ಅಂಡಿಗಿಗೂ ಹಿಂಗ ಮುಹೂರ್ತ ನೋಡೇ ಹೊಡೀತೀರೇನು?"

ನಾನು ತಲೆ ಕೆರೆದುಕೊಂಡೆ. ಅವರು ನಕ್ಕುಬಿಟ್ಟರು. "ಗ್ವಾಡಿ ಮುಗದ ಮ್ಯಾಲೂ ಇರ್ರಿ. ಮೊಮ್ಮಗಳ ಮಾರಿ ನೋಡಾಕ ನೆವ ಯಾಕ ಬೇಕು?"

ಆ ಮಾತಿನ ಸಂತೋಷಕ್ಕೆ ಕೈ ನನ್ನ ಹಿಡಿತದಲ್ಲಿ ಉಳಿಯಲಿಲ್ಲ. ಅದೇ ದಿನ ದೀಪ ಹಚ್ಚುವ ಹೊತ್ತಿಗೆ ಉಳಿದ ಗೋಡೆಯೆಲ್ಲ ಮುಗಿದುಹೋಯಿತು. ಬೀಗಿತ್ತಿ ಗೋಡೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಅಷ್ಟು ದಿನ ಬಣ್ಣ ಆರಲೆಂದು ಕಾದವನು ಮುಖ ಎಲ್ಲಿಡಲಿ? ಮೊಮ್ಮಗಳನ್ನು ಎತ್ತಿ ಮುಖಕ್ಕೆ ಅಡ್ಡ ಹಿಡಿದೆ. ಕೂಸು ಸಣ್ಣದು, ನನ್ನ ಮೀಸೆ ದೊಡ್ಡದು. ಎರಡೂ ಕಡೆ ಹೊರಗೇ ಉಳಿಯಿತು.